ಕೈ ಆಡಿಸಿದ್ರೆ ಪಾರ್ವೊ ಹೋಗುತ್ತಾ?

ವೀಕ್ಷಕರೇ, ನಾಯಿಗೂ ಈಗ ರೇಕಿ ಮಾಡ್ತಾರೆ. ಮೈ ಮುಟ್ಟೋದೂ ಬೇಡವಂತೆ. ಫೋಟೋ ಕಳಿಸಿದ್ರೆ ಸಾಕು, ದೂರದಿಂದಲೇ ‘ಶಕ್ತಿ’ ಹರಿಸ್ತಾರಂತೆ. ದುಡ್ಡು ಮಾತ್ರ ಮೊದಲೇ ಹರೀಬೇಕು!

ಮಸಾಜ್ ಬೇರೆ ಮಾತು. ವಯಸ್ಸಾದ ನಾಯಿಯ ಸೊಂಟ, ತೊಡೆ ಹದವಾಗಿ ನೀವಿದರೆ ಬಿಗಿದ ಸ್ನಾಯು ಸಡಿಲವಾಗುತ್ತೆ, ಅದಕ್ಕೂ ಹಿತ. ನೀವುವಾಗ ಗಂಟೋ, ಉಣುಗೋ ಕೈಗೆ ಸಿಗುತ್ತೆ ನೋಡಿ, ಅದೇ ದೊಡ್ಡ ಲಾಭ.

ಆದರೆ ಈ ಶಕ್ತಿ? ಅಮೆರಿಕದಲ್ಲಿ ಎಮಿಲಿ ರೋಸಾ ಅನ್ನೋ 9 ವರ್ಷದ ಹುಡುಗಿ, ಮುಟ್ಟದೆಯೇ ಮನುಷ್ಯರ ಶಕ್ತಿ ಗೊತ್ತಾಗುತ್ತೆ ಅನ್ನೋ 21 ಚಿಕಿತ್ಸಕರನ್ನು ಪರದೆಯ ಆಚೆ ಕೂರಿಸಿದಳು. ನನ್ನ ಕೈ ನಿಮ್ಮ ಯಾವ ಕೈ ಹತ್ತಿರ ಇದೆ ಹೇಳಿ ಅಂದಳು. ಸರಿಯುತ್ತರ ಶೇ. 44. ನಾಣ್ಯ ಚಿಮ್ಮಿದ್ದರೂ ಶೇ. 50 ಬರ್ತಿತ್ತು! 1998ರಲ್ಲಿ ಅಲ್ಲಿನ ವೈದ್ಯರ ಸಂಘದ ಪತ್ರಿಕೆಯೇ ಇದನ್ನು ಪ್ರಕಟಿಸಿತು.

ನಗು ಬರುತ್ತೆ, ನಿಜ. ಆದರೆ ಪಾರ್ವೊ ತಗುಲಿದ ಮರಿ ವಾಂತಿ, ರಕ್ತಭೇದಿಯಲ್ಲಿ ಎರಡು-ಮೂರು ದಿನಕ್ಕೇ ಸಾಯಬಹುದು. ಅದಕ್ಕೆ ಬೇಕಿರೋದು ಡ್ರಿಪ್. ಫೋಟೋ ಕಳಿಸಿ ಕಾಯ್ತಾ ಕಳೆದ ರಾತ್ರಿಯನ್ನು ಯಾರು ರೀ ವಾಪಸ್ ಕೊಡ್ತಾರೆ? ಮರಿ ಊಟ ಬಿಟ್ಟು ವಾಂತಿ ಮಾಡ್ತಿದೆಯಾ? ಟಿವಿ ಆಫ್ ಮಾಡಿ, ಈಗಲೇ ಪಶು ವೈದ್ಯರ ಹತ್ತಿರ ಎತ್ಕೊಂಡು ಹೋಗಿ.