ವಸತಿ ಗೃಹವನ್ನು ವಿಚಾರಿಸಿ ಆರಿಸಿರಿ



ಸ್ವಲೀನತೆ ಅಥವಾ ಆಟಿಸಂ ಎಂಬುದು ಬಾಲ್ಯದಲ್ಲಿಯೇ ಕಾಣಿಸಿಕೊಳ್ಳುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಅದು ಅಂಟುರೋಗವಲ್ಲ, ಗ್ರಹಚಾರದ ಫಲವಲ್ಲ, ತಾಯಿಯ ಆರೈಕೆಯ ಕೊರತೆಯಿಂದ ಬಂದುದೂ ಅಲ್ಲ. ಈ ಮಕ್ಕಳೂ ಬೆಳೆದು ದೊಡ್ಡವರಾಗುತ್ತಾರೆ. ಆಗ ತಂದೆತಾಯಿಗಳನ್ನು ಕಾಡುವ ಪ್ರಶ್ನೆ ಒಂದೇ: ನಮ್ಮ ಕಾಲಾನಂತರ ಇವರನ್ನು ನೋಡಿಕೊಳ್ಳುವವರು ಯಾರು? ಬಂಧುಗಳ ಆಸರೆ ಇಲ್ಲದಾಗ ವಸತಿ ಗೃಹವನ್ನು ಹುಡುಕುವುದು ತಪ್ಪಲ್ಲ. ಆದರೆ ಹೆಣ್ಣು ಕೊಡುವಾಗ ಮನೆತನವನ್ನು ವಿಚಾರಿಸುವಷ್ಟೇ ಎಚ್ಚರದಿಂದ ಅದನ್ನು ವಿಚಾರಿಸಬೇಕು.

ಮೊದಲನೆಯದಾಗಿ, ನೋಂದಣಿ ಪತ್ರವನ್ನು ಕೇಳಿರಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ ಖಾಸಗಿಯವರು ನೋಂದಣಿಯಿಲ್ಲದೆ ಇಂತಹ ಗೃಹವನ್ನು ನಡೆಸುವಂತಿಲ್ಲ. ಆದರೆ ಗೋಡೆಯ ಮೇಲಿನ ಪತ್ರವೊಂದನ್ನೇ ನಂಬಿ ಹಿಂದಿರುಗಬೇಡಿರಿ.

ಎರಡನೆಯದಾಗಿ, ಪತಿಪತ್ನಿಯರಿಬ್ಬರೂ ಊಟದ ಹೊತ್ತಿಗೆ, ಸಾಧ್ಯವಾದರೆ ಮುಂಚಿತವಾಗಿ ತಿಳಿಸದೆ ಹೋಗಿರಿ. ಅಡಿಗೆಮನೆ, ಶೌಚಗೃಹ, ಮಲಗುವ ಕೋಣೆಗಳನ್ನು ನೋಡಿರಿ. ರಾತ್ರಿ ಎಚ್ಚರವಿರುವವರು ಎಷ್ಟು ಮಂದಿ? ಹೆಣ್ಣುಮಕ್ಕಳ ಸ್ನಾನಕ್ಕೆ ಹೆಂಗಸರೇ ಇರುವರೇ? ಕೆಲಸಗಾರರು ಪದೇ ಪದೇ ಬದಲಾಗುತ್ತಿರುವರೇ? ಸ್ವಲೀನತೆಯುಳ್ಳ ಅನೇಕರಿಗೆ ಗದ್ದಲವೂ ದಿನಚರಿಯ ಹಠಾತ್ ಬದಲಾವಣೆಯೂ ಸಹಿಸಲಸಾಧ್ಯ. ಪರಿಚಿತ ಮುಖಗಳು, ನಿಯತವಾದ ದಿನಚರಿ, ಕೈಗೆ ಒಗ್ಗುವ ಕೆಲಸ, ಒಬ್ಬರೇ ಕುಳಿತಿರಲು ಶಾಂತವಾದ ಸ್ಥಳ, ಇವು ಅನ್ನದಷ್ಟೇ ಅಗತ್ಯ.

ಮೂರನೆಯದು ಆರೋಗ್ಯ. ಮಾತು ಬಾರದವರು ಹಲ್ಲುನೋವು, ಕಿವಿನೋವು, ಮಲಬದ್ಧತೆಗಳನ್ನು ಹೇಳಲಾರರು. ತಲೆ ಚಚ್ಚಿಕೊಳ್ಳಬಹುದು, ಕೂಗಾಡಬಹುದು. ಒಳ್ಳೆಯ ಗೃಹದವರು ವೈದ್ಯರನ್ನು ಕರೆಸಿ ಕಾರಣವನ್ನು ಹುಡುಕುವರು. ಕೆಟ್ಟ ಗೃಹದವರು ಕೋಣೆಯಲ್ಲಿ ಕೂಡಿಹಾಕುವರು, ಇಲ್ಲವೆ ಮಂಪರು ಬರಿಸುವ ಮಾತ್ರೆ ನುಂಗಿಸುವರು. ಔಷಧದ ವಹಿಯನ್ನೂ ತೂಕದ ಲೆಕ್ಕವನ್ನೂ ಕೇಳಿ ನೋಡಿರಿ. ಇವರಲ್ಲಿ ಮೂರ್ಛೆರೋಗವು ಇತರರಿಗಿಂತ ಹೆಚ್ಚು. ಫಿಟ್ಸ್ ಬಂದಾಗ ಏನು ಮಾಡುವಿರೆಂದು ಕೆಲಸಗಾರರನ್ನೇ ಕೇಳಿರಿ.

ಗರ್ಭಕೋಶ ತೆಗೆಸಿದರೆ ಅಥವಾ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿದರೆ ಮಾತ್ರ ಸೇರಿಸಿಕೊಳ್ಳುವೆವು ಎನ್ನುವ ಗೃಹದಿಂದ ಎದ್ದು ಬನ್ನಿರಿ. ವ್ಯಕ್ತಿಯು ತಿಳಿದು, ಸ್ವಇಚ್ಛೆಯಿಂದ ಸಮ್ಮತಿಸದ ಹೊರತು ಸಂತಾನಶಕ್ತಿಯನ್ನು ಕಳೆಯುವ ಚಿಕಿತ್ಸೆಯನ್ನು ಮೇಲ್ಕಂಡ ಅಧಿನಿಯಮವು ನಿಷೇಧಿಸಿದೆ.

ಆಯ್ಕೆಗೆ ಮುನ್ನ ಮಗನನ್ನೋ ಮಗಳನ್ನೋ ಜೊತೆಯಲ್ಲಿ ಕರೆದೊಯ್ದು, ಕೆಲವು ದಿನ ಇರಿಸಿ, ಅವರ ಊಟ, ನಿದ್ರೆ, ಮುಖದ ಗೆಲುವನ್ನು ಗಮನಿಸಿರಿ. ಅವರಿಗೆ 18 ವರ್ಷ ತುಂಬಿದ ಮೇಲೆ, 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕರ ನೇಮಕವನ್ನು ಪಡೆಯಬಹುದು. ನೀವು ಗಟ್ಟಿಯಾಗಿರುವಾಗಲೇ ಇದನ್ನು ಮಾಡಿರಿ.

ಸೇರಿಸಿದೊಡನೆ ನಿಮ್ಮ ಹೊಣೆ ಮುಗಿಯದು. ಆಗಾಗ್ಗೆ ಭೇಟಿ ಕೊಡುತ್ತಿರಿ. ಭೇಟಿಗೆ ಅಡ್ಡಿ ಮಾಡಿದರೆ, ಮೈಮೇಲೆ ಕಾರಣ ತಿಳಿಯದ ಗಾಯ ಕಂಡರೆ, ಸುಮ್ಮನಿರಬೇಡಿರಿ. ಹಿಂಸೆಯ ಸಂಶಯವಿದ್ದಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಾದ ತಹಶೀಲ್ದಾರರಿಗೆ ಯಾರಾದರೂ ದೂರು ಕೊಡಬಹುದು. ಹೇಳಿಕೊಳ್ಳಲಾರದ ಮಕ್ಕಳ ಪರವಾಗಿ ಕೇಳುವವರು ಇದ್ದಾರೆಂಬುದು ಗೃಹದವರಿಗೆ ಸದಾ ತಿಳಿದಿರಲಿ.