ಹಿತ್ತಾಳೆಗೆ ಕಂಠ ಕೊಟ್ಟ ಕದ್ರಿ ಗೋಪಾಲನಾಥ್

ಗೊರೇಬಾಳದಂಥ ಊರಿನಲ್ಲಿ ಮದುವೆ ಎಂದರೆ ಊದುವ ವಾದ್ಯ ಇರಲೇಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲೆಲ್ಲ ಇದು ಹಿಂದಿನಿಂದ ನಡೆದುಬಂದ ರೂಢಿ. ಮೊದಲು ಸನಾದಿ ಇತ್ತು. ಆಮೇಲೆ ಪಟ್ಟಣದಿಂದ ಬ್ಯಾಂಡ್ ಸೆಟ್ ಬಂತು. ಅದರ ಜೊತೆಗೆ ಕ್ಲಾರಿಯೋನೆಟ್, ಟ್ರಂಪೆಟ್, ಸ್ಯಾಕ್ಸೋಫೋನ್‌ಗಳೂ ಬಂದವು. ಈಗ ಹಲವು ಮೆರವಣಿಗೆಗಳಲ್ಲಿ ಡಿಜೆ ಪೆಟ್ಟಿಗೆಗಳೇ ಮುಂದೆ ಸಾಗುತ್ತವೆ. ಈ ಬದಲಾವಣೆಗಳ ನಡುವೆಯೂ ಬದಲಾಗದ ಸಂಗತಿಯೊಂದಿದೆ. ಊದುವವನಿಲ್ಲದೆ ಶುಭಕಾರ್ಯ ಆರಂಭವಾಗುವುದಿಲ್ಲ, ಆದರೆ ಅವನ ಹೆಸರೇನು, ಅವನು ಯಾರಲ್ಲಿ ಕಲಿತ, ಈಗ ನುಡಿಸಿದ್ದು ಯಾವ ರಾಗ ಎಂದು ವಿಚಾರಿಸುವವರು ಇಲ್ಲ. ವಾದ್ಯದ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ, ಕುಳಿತು ಕೇಳುವ ವ್ಯವಧಾನ ಮಾತ್ರ ಯಾರಿಗೂ ಇರುವುದಿಲ್ಲ.

ಇಂಥ ಊದುವವರ ಮನೆಯಲ್ಲಿ ಹುಟ್ಟಿದ ಕನ್ನಡಿಗರೊಬ್ಬರು, ಬ್ಯಾಂಡಿನ ಸಾಲಿನಲ್ಲಿ ನಿಂತಿದ್ದ ಒಂದು ಹಿತ್ತಾಳೆ ವಾದ್ಯವನ್ನು ಕರ್ನಾಟಕ ಸಂಗೀತದ ಕಛೇರಿಯ ನಡುವೆ ತಂದು ಕೂರಿಸಿದರು. ಅವರೇ ಕದ್ರಿ ಗೋಪಾಲನಾಥ್. 1949ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದರು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. 2004ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಗಳ ಪಟ್ಟಿ ದೊಡ್ಡದೇ ಇದೆ. ಆದರೆ ಅವರು ಆ ವಾದ್ಯದಿಂದ ಏನನ್ನು ಹೊರಡಿಸಿದರು, ಅದು ಏಕೆ ಅಷ್ಟು ಕಷ್ಟದ ಕೆಲಸವಾಗಿತ್ತು ಎಂಬುದನ್ನು ತಿಳಿದರೆ ಮಾತ್ರ ಆ ಪ್ರಶಸ್ತಿಗಳ ತೂಕ ಅರ್ಥವಾದೀತು.

ವಾದ್ಯ ಎಲ್ಲಿಯದು?

ಸ್ಯಾಕ್ಸೋಫೋನನ್ನು ರೂಪಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. 1846ರಲ್ಲಿ ಪ್ಯಾರಿಸ್‌ನಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹಿತ್ತಾಳೆಯಲ್ಲಿ ಮಾಡಿದ್ದರೂ ಇದು ತುತ್ತೂರಿಯ ಜಾತಿಗೆ ಸೇರಿದ್ದಲ್ಲ. ತುತ್ತೂರಿಯಲ್ಲಿ ಊದುವವನ ತುಟಿಯೇ ಕಂಪಿಸಿ ನಾದ ಹುಟ್ಟುತ್ತದೆ. ಸ್ಯಾಕ್ಸೋಫೋನ್‌ನಲ್ಲಿ ಬಾಯಿಗಿಡುವ ತುದಿಗೆ ಬೆತ್ತದ ಒಂದು ತೆಳುಪಟ್ಟಿ ಕಟ್ಟಿರುತ್ತದೆ. ಅದು ಕಂಪಿಸಿದಾಗ ನಾದ ಹೊರಡುತ್ತದೆ. ಈ ಲೆಕ್ಕದಲ್ಲಿ ಅದು ನಾಗಸ್ವರ ಮತ್ತು ಸನಾದಿಗಳಿಗೆ ದೂರದ ನೆಂಟ. ಕೊಳವೆ ಬಾಯಿಯ ಕಡೆ ಸಣ್ಣಗಿದ್ದು ಕೆಳಗೆ ಹೋದಂತೆ ಅಗಲವಾಗುವುದೂ ಆ ನೆಂಟಸ್ತಿಕೆಯ ಗುರುತು.

ಫ್ರಾನ್ಸಿನ ಸೈನಿಕ ಬ್ಯಾಂಡುಗಳಿಗೆ ಮೊದಲು ಹೊಂದಿಕೊಂಡ ಈ ವಾದ್ಯ, ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕಪ್ಪು ಜನರ ಜಾಜ್ ಸಂಗೀತದ ಮುಖ್ಯ ಸ್ವರವಾಯಿತು. ನಮ್ಮಲ್ಲಿ ಅದಕ್ಕೆ ಆಶ್ರಯ ಕೊಟ್ಟದ್ದು ಪೊಲೀಸ್ ಬ್ಯಾಂಡು, ಮದುವೆ ಬ್ಯಾಂಡು ಮತ್ತು ಸಂಸ್ಥಾನಗಳ ಬ್ಯಾಂಡು. ಮೈಸೂರು ಅರಮನೆಯಲ್ಲಿ ವೀಣೆಯ ವಿದ್ವಾಂಸರೂ ಇದ್ದರು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಎಳೆಯ ಗೋಪಾಲನಾಥರು ಅದಕ್ಕೆ ಮರುಳಾದರು. ತಂದೆ ತನಿಯಪ್ಪ ನಾಗಸ್ವರ ವಾದಕರು. ಮಗನ ಮೊದಲ ಪಾಠವೂ ನಾಗಸ್ವರದ್ದೇ. ಮನೆಯ ವಾದ್ಯವನ್ನು ಬಿಟ್ಟು ಬ್ಯಾಂಡಿನ ವಾದ್ಯ ಹಿಡಿಯುವುದೆಂದರೆ, ಬರುವ ದಾರಿಯನ್ನು ಬಿಟ್ಟು ಇಲ್ಲದ ದಾರಿಯನ್ನು ಹುಡುಕಿದಂತೆಯೇ ಸರಿ.

ಮೆಟ್ಟಿಲು ಮತ್ತು ಜಾರು

ಇಲ್ಲಿನ ತೊಡಕು ಏನೆಂದು ತಿಳಿಯಲು ಸಂಗೀತಶಾಸ್ತ್ರ ಓದಬೇಕಾಗಿಲ್ಲ. ಹಾರ್ಮೋನಿಯಂ ನೆನೆದರೆ ಸಾಕು. ಅದರ ಸ್ವರಗಳು ಮೆಟ್ಟಿಲಿನಂತೆ. ಒಂದರಿಂದ ಇನ್ನೊಂದಕ್ಕೆ ಹೆಜ್ಜೆಯಿಡಬಹುದು, ನಡುವಿನ ಜಾಗದಲ್ಲಿ ನಿಲ್ಲಲಾಗದು. ಕರ್ನಾಟಕ ಸಂಗೀತದ ಜೀವವಿರುವುದು ಆ ನಡುವಿನ ಜಾಗದಲ್ಲೇ. ಸ್ವರವನ್ನು ತೂಗುವುದು, ಜಾರಿಸುವುದು, ಪಕ್ಕದ ಸ್ವರವನ್ನು ಮುಟ್ಟಿ ಮರಳುವುದು — ಇವಕ್ಕೆಲ್ಲ ಒಟ್ಟು ಹೆಸರು ಗಮಕ. ತೋಡಿ ರಾಗದ ಗಾಂಧಾರವನ್ನು ಅಲುಗಿಸದೆ ನೇರವಾಗಿ ಹಿಡಿದರೆ ಸ್ವರಸ್ಥಾನ ಸರಿಯಾಗಿಯೇ ಇರುತ್ತದೆ, ಆದರೆ ತೋಡಿ ಇರುವುದಿಲ್ಲ. ಅದು ಕೆಳಗಿನ ರಿಷಭದ ಕಡೆಗೂ ಮೇಲಿನ ಮಧ್ಯಮದ ಕಡೆಗೂ ತೂಗಾಡಿದಾಗಲೇ ಕೇಳುವವನಿಗೆ ರಾಗದ ಮುಖ ಕಾಣುವುದು.

ನಾಗಸ್ವರದಲ್ಲಿ ಇದು ಸಾಧ್ಯ. ಅದರಲ್ಲಿ ಬೆರಳಾಡುವ ಏಳು ರಂಧ್ರಗಳು ಬಯಲಾಗಿಯೇ ಇವೆ. ಬೆರಳನ್ನು ಅರ್ಧ ಸರಿಸಬಹುದು, ಸವರಬಹುದು. ಉಳಿದುದನ್ನು ತುಟಿ ಮತ್ತು ಉಸಿರು ನೋಡಿಕೊಳ್ಳುತ್ತವೆ. ಸ್ಯಾಕ್ಸೋಫೋನ್‌ನ ರಂಧ್ರಗಳಾದರೋ ಬೆರಳಿನಿಂದ ಮುಚ್ಚಲಾರದಷ್ಟು ದೊಡ್ಡವು. ಅವನ್ನು ಮುಚ್ಚಲು ಇಪ್ಪತ್ತಕ್ಕೂ ಹೆಚ್ಚು ಕೀಲಿಗಳಿವೆ. ಕೀಲಿಯ ತುದಿಯ ಮುಚ್ಚಳ ತಟ್ಟನೆ ಕೂರುತ್ತದೆ, ತಟ್ಟನೆ ಏಳುತ್ತದೆ. ಅಡಾಲ್ಫ್ ಸ್ಯಾಕ್ಸ್ ಬಯಸಿದ್ದೂ ಅದನ್ನೇ: ಪ್ರತಿ ಸ್ವರವೂ ಸ್ಪಷ್ಟವಾಗಿ, ಒಂದಕ್ಕೊಂದು ಬೆರೆಯದಂತೆ ಬರಬೇಕು. ಎಂದರೆ ಇದು ಮೆಟ್ಟಿಲಿಗಾಗಿಯೇ ಕಟ್ಟಿದ ವಾದ್ಯ.

ಗೋಪಾಲನಾಥರು ಇದನ್ನು ಹೇಗೆ ಒಲಿಸಿಕೊಂಡರು? ಒಂದು, ಕೀಲಿಯನ್ನು ಪೂರ್ತಿ ಬಿಡದೆ ಮೆಲ್ಲನೆ ಸಡಿಲಿಸುವುದು. ಮುಚ್ಚಳ ರಂಧ್ರದಿಂದ ಕೂದಲೆಳೆಯಷ್ಟು ಎದ್ದಾಗ ಸ್ವರ ಜಾರಲು ಶುರುವಾಗುತ್ತದೆ. ಆ ಅಳತೆ ಬೆರಳಿಗೆ ಗೊತ್ತಿರಬೇಕು. ಎರಡು, ತುಟಿಯ ಹಿಡಿತ. ಪಟ್ಟಿಯ ಮೇಲಿನ ಒತ್ತಡ ಸಡಿಲಿಸಿದರೆ ಶ್ರುತಿ ಇಳಿಯುತ್ತದೆ, ಬಿಗಿಗೊಳಿಸಿದರೆ ತನ್ನ ಸ್ಥಾನಕ್ಕೆ ಏರುತ್ತದೆ. ಮೂರು, ಗಂಟಲಿನೊಳಗಿನ ಆಕಾರ. ಹಾಡುವವನು ಸ್ವರಕ್ಕೆ ತಕ್ಕಂತೆ ಗಂಟಲನ್ನು ಹಿಗ್ಗಿಸಿ ಕುಗ್ಗಿಸುವಂತೆ ಊದುವವನೂ ಮಾಡಬೇಕು. ಈ ಮೂರೂ ಒಂದೇ ಕ್ಷಣದಲ್ಲಿ, ಶ್ರುತಿ ಕೆಡದಂತೆ ಕೂಡಿಬರಬೇಕು. ಇಷ್ಟೂ ಸಾಲದೆ, ಕೀಲಿಗಳ ವ್ಯವಸ್ಥೆಯಲ್ಲಿಯೂ ಅವರು ತಮ್ಮ ಅಗತ್ಯಕ್ಕೆ ತಕ್ಕ ಮಾರ್ಪಾಡು ಮಾಡಿಕೊಂಡರು. ಈ ವಾದ್ಯವನ್ನು ಕೈವಶ ಮಾಡಿಕೊಳ್ಳಲು ಅವರಿಗೆ ಹೆಚ್ಚು ಕಡಿಮೆ 20 ವರ್ಷ ಹಿಡಿಯಿತೆಂದು ಅವರ ಪರಿಚಯ ಲೇಖನಗಳು ಹೇಳುತ್ತವೆ. ಮೇಲಿನ ಲೆಕ್ಕ ನೋಡಿದರೆ ಅದು ಹೆಚ್ಚೆನಿಸುವುದಿಲ್ಲ.

ಎದುರು ದಿಕ್ಕಿನ ಸಾಹಸ

ಜಾಜ್ ಸಂಗೀತದಲ್ಲಿ ಇದಕ್ಕೆ ನೇರ ವಿರುದ್ಧವಾದ ಒಂದು ಉದಾಹರಣೆ ಸಿಗುತ್ತದೆ. ಪೊಲೀಸ್ ಬ್ಯಾಂಡಿನಲ್ಲಿ ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತ ಊದುವವರನ್ನು ನೋಡಿರಬಹುದು. ಆ ವಾದ್ಯದ ಹೆಸರು ಟ್ರೊಂಬೋನ್. ಅದಕ್ಕೆ ಕೀಲಿಯೇ ಇಲ್ಲ. ಕೊಳವೆಯನ್ನು ಚಾಚಿದರೆ ಸ್ವರ ಇಳಿಯುತ್ತದೆ, ಒಳಗೆಳೆದರೆ ಏರುತ್ತದೆ. ಅದರ ಮೇಲೆ ಏಳು ಸ್ಥಾನಗಳುಂಟು, ಆದರೆ ಯಾವ ಗುರುತೂ ಇಲ್ಲ. ಕೈಗೆ ಅಭ್ಯಾಸವಾಗಬೇಕು, ಕಿವಿ ಕಾಯಬೇಕು. ಜಾರು ಅದರ ಹುಟ್ಟುಗುಣ. ಹಳೆಯ ನ್ಯೂ ಆರ್ಲಿಯನ್ಸ್ ಶೈಲಿಯ ಜಾಜ್‌ನಲ್ಲಿ ಟ್ರೊಂಬೋನ್ ಎಂದರೆ ಉದ್ದಕ್ಕೆ ಎಳೆದ ಜಾರುದನಿಯೇ ಆಗಿತ್ತು.

1940ರ ದಶಕದಲ್ಲಿ ಜಾಜ್ ವೇಗ ಪಡೆಯಿತು. ಚಾರ್ಲಿ ಪಾರ್ಕರ್ ಸ್ಯಾಕ್ಸೋಫೋನ್‌ನಲ್ಲಿ, ಡಿಜ್ಜಿ ಗಿಲೆಸ್ಪಿ ಟ್ರಂಪೆಟ್‌ನಲ್ಲಿ ಮಿಂಚಿನಂತೆ ನುಡಿಸುತ್ತಿದ್ದರು. ಕೈ ಚಾಚಿ ಎಳೆಯುವ ಟ್ರೊಂಬೋನ್‌ಗೆ ಈ ವೇಗ ಸಾಧ್ಯವೇ ಇಲ್ಲವೆಂದು ಅನೇಕರು ತಿಳಿದಿದ್ದಾಗ, ಇಂಡಿಯಾನಾಪೊಲಿಸ್‌ನಲ್ಲಿ 1924ರಲ್ಲಿ ಹುಟ್ಟಿದ ಜೆ. ಜೆ. ಜಾನ್ಸನ್ ಅದನ್ನು ಸಾಧಿಸಿ ತೋರಿಸಿದ. ಜಾರು ಕೇಳಿಸದಂತೆ, ಪ್ರತಿ ಸ್ವರವನ್ನೂ ಮಣಿ ಪೋಣಿಸಿದಂತೆ ಬಿಡಿಬಿಡಿಯಾಗಿ ನುಡಿಸಿದ. ಧ್ವನಿಮುದ್ರಿಕೆ ಕೇಳಿದ ಕೆಲವರು ಇದು ಎಳೆಯುವ ಟ್ರೊಂಬೋನ್ ಅಲ್ಲ, ಕೀಲಿಯಿರುವ ಬೇರೊಂದು ಬಗೆಯದು ಎಂದೇ ಭಾವಿಸಿದ್ದರಂತೆ. 2001ರಲ್ಲಿ ತೀರಿಕೊಳ್ಳುವವರೆಗೂ ಆಧುನಿಕ ಟ್ರೊಂಬೋನ್ ವಾದನಕ್ಕೆ ಅವನೇ ಅಳತೆಗೋಲಾಗಿದ್ದ.

ಜಾನ್ಸನ್ ಜಾರುವ ವಾದ್ಯವನ್ನು ಮೆಟ್ಟಿಲು ಹತ್ತಿಸಿದ. ಗೋಪಾಲನಾಥರು ಮೆಟ್ಟಿಲಿನ ವಾದ್ಯವನ್ನು ಜಾರಿಸಿದರು. ದಿಕ್ಕು ಬೇರೆಯಾದರೂ ಪಾಠ ಒಂದೇ. ವಾದ್ಯಕ್ಕೆ ಸುಲಭವಾದುದನ್ನು ನುಡಿಸಿ ಚಪ್ಪಾಳೆ ಗಿಟ್ಟಿಸುವುದನ್ನು ಇಬ್ಬರೂ ಒಪ್ಪಲಿಲ್ಲ. ತಮ್ಮ ಸಂಗೀತ ಏನನ್ನು ಕೇಳುತ್ತದೋ ಅದನ್ನು ವಾದ್ಯ ಕೊಡಲೇಬೇಕೆಂದು ಹಟ ಹಿಡಿದರು. ತಾಂತ್ರಿಕ ನೈಪುಣ್ಯ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿಯೇ. ವೇಗವಾಗಿ ನುಡಿಸುವ ಬೆರಳುಗಳು ಬೇಕಾದಷ್ಟು ಸಿಗುತ್ತವೆ.

ಮೊದಲು ಹಾಡು, ಆಮೇಲೆ ವಾದ್ಯ

ಗೋಪಾಲನಾಥರ ಶಿಕ್ಷಣದಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅವರಿಗೆ ಸ್ಯಾಕ್ಸೋಫೋನ್ ಮೇಲೆ ಕರ್ನಾಟಕ ಸಂಗೀತ ಕಲಿಸಬಲ್ಲ ಪರಂಪರೆಯೇ ಇರಲಿಲ್ಲ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಬಳಿಕ ಮದರಾಸಿನಲ್ಲಿ ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ಗುರುಗಳು ಕಲಿಸಿದ್ದು ಸಂಗೀತ. ಅದನ್ನು ಹಿತ್ತಾಳೆಗೆ ಇಳಿಸುವ ಕೆಲಸ ಶಿಷ್ಯನದಾಗಿತ್ತು.

ಇದರ ಫಲ ಅವರ ಕೃತಿವಾದನದಲ್ಲಿ ಕೇಳಿಸುತ್ತದೆ. ಹಾಡುವಾಗ ಸಾಹಿತ್ಯದ ಅಕ್ಷರಗಳು ಎಲ್ಲಿ ಬೀಳುತ್ತವೋ ಅಲ್ಲಿಯೇ ಅವರ ನಾಲಿಗೆ ಪಟ್ಟಿಯನ್ನು ತಟ್ಟುತ್ತದೆ. ಪದ ಮುರಿಯದ ಕಡೆ ಉಸಿರೂ ಮುರಿಯುವುದಿಲ್ಲ. ಕೃತಿ ಗೊತ್ತಿದ್ದವರು ಮನಸ್ಸಿನಲ್ಲೇ ಜೊತೆಗೆ ಹಾಡಿಕೊಳ್ಳಬಹುದು. ಕಾಲ ಏರಿದಾಗಲೂ, ಎ. ಕನ್ಯಾಕುಮಾರಿಯವರ ಪಿಟೀಲಿನೊಡನೆ ಸ್ವರಗಳ ಸವಾಲು ಜವಾಬು ನಡೆದಾಗಲೂ, ಈ ಹಾಡುಗಾರಿಕೆಯ ಗುಣ ಮರೆಯಾಗುತ್ತಿರಲಿಲ್ಲ.

ಹೊರಗಿನಿಂದ ಬಂದ ವಾದ್ಯ ನಮ್ಮದಾಗುವುದು ಹೊಸತೇನಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಇಂದು ಪಿಟೀಲಿಲ್ಲದ ಕಛೇರಿಯೇ ಅಪರೂಪ. ಆದರೆ ಪಿಟೀಲಿನ ತಂತಿಯ ಮೇಲೆ ಬೆರಳು ಮೊದಲಿನಿಂದಲೂ ಸ್ವತಂತ್ರವಾಗಿ ಜಾರಬಲ್ಲದು. ಸ್ಯಾಕ್ಸೋಫೋನ್ ಆ ಅನುಕೂಲ ಕೊಟ್ಟಿರಲಿಲ್ಲ.

ಹೊರಗಿನವರ ಕಿವಿ

1980ರಲ್ಲಿ ಬೊಂಬಾಯಿಯ ಜಾಜ್ ಉತ್ಸವದಲ್ಲಿ ಗೋಪಾಲನಾಥರು ನುಡಿಸಿದಾಗ, ಅಮೆರಿಕದ ಹೆಸರಾಂತ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅಲ್ಲಿದ್ದರು. ಕೇಳಿದ್ದೇ ತಡ, ಜೊತೆಗೆ ನುಡಿಸಲು ತಾವೇ ಅನುಮತಿ ಕೇಳಿ ವೇದಿಕೆ ಹತ್ತಿದರು. ಹ್ಯಾಂಡಿ 1975ರಲ್ಲೇ ಸರೋದ್‌ನ ಉಸ್ತಾದ್ ಅಲಿ ಅಕ್ಬರ್ ಖಾನರೊಂದಿಗೆ ಧ್ವನಿಮುದ್ರಣ ಮಾಡಿದ್ದವರು. ಭಾರತೀಯ ಸಂಗೀತ ಅವರಿಗೆ ಅಪರಿಚಿತವಾಗಿರಲಿಲ್ಲ. ಜಾಜ್‌ನಲ್ಲಿಯೂ ಕಲಾವಿದ ವೇದಿಕೆಯ ಮೇಲೆಯೇ ಸಂಗೀತ ಕಟ್ಟುತ್ತಾನೆ, ನಮ್ಮ ಮನೋಧರ್ಮದಂತೆ. ಅವರ ಬೇಲಿ ಸ್ವರಗುಚ್ಛಗಳ ಸಾಗಣೆ, ನಮ್ಮ ಬೇಲಿ ರಾಗ. ಬೇಲಿ ಬೇರೆಯಾದರೂ ಒಳಗಿನ ಸ್ವಾತಂತ್ರ್ಯವನ್ನು ಇಬ್ಬರೂ ಗುರುತಿಸಬಲ್ಲರು.

ಆಮೇಲೆ ಪ್ರಾಗ್, ಬರ್ಲಿನ್‌ಗಳ ಜಾಜ್ ಉತ್ಸವಗಳು ಕರೆದವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿಗೆ ಆಹ್ವಾನ ಬಂತು; ಕರ್ನಾಟಕ ಸಂಗೀತದ ಕಲಾವಿದರಲ್ಲಿ ಆ ಗೌರವ ಪಡೆದ ಮೊದಲಿಗರು ಅವರೆಂದು ಹೇಳಲಾಗುತ್ತದೆ. ಅದೇ ವರ್ಷ ತೆರೆಕಂಡ ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’ನಲ್ಲಿ ಎ. ಆರ್. ರೆಹಮಾನ್ ಸಂಗೀತಕ್ಕೆ ಅವರು ನುಡಿಸಿದ ಸ್ಯಾಕ್ಸೋಫೋನ್ ಮನೆಮನೆಗೂ ತಲುಪಿತು.

ಅಮೆರಿಕದಲ್ಲಿ ಬೆಳೆದ, ದಕ್ಷಿಣ ಭಾರತ ಮೂಲದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಅವರಿಗೆ ಗೋಪಾಲನಾಥರ ಪರಿಚಯವಾದದ್ದು ಸ್ವಾರಸ್ಯಕರ. ಅಣ್ಣ ತಮಾಷೆಗೆಂದು ಕೊಟ್ಟ ಒಂದು ಧ್ವನಿಮುದ್ರಿಕೆಯಲ್ಲಿ ಅವರು ಈ ವಾದನವನ್ನು ಮೊದಲು ಕೇಳಿದರು. ತಮಾಷೆ ಅಲ್ಲಿಗೇ ಮುಗಿಯಲಿಲ್ಲ. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ತಂದರು. ಆ ಶೀರ್ಷಿಕೆಗೆ ಬಂಧುಗಳು ಎಂದರ್ಥ.

ಊರಿನ ಕಿವಿ

ಲಂಡನ್ ಮೆಚ್ಚಿತು ಎಂಬ ಕಾರಣಕ್ಕೆ ನಾವೂ ಮೆಚ್ಚಬೇಕಾಗಿಲ್ಲ. ನೋಡಬೇಕಾದದ್ದು ಊರಿನಲ್ಲಿ ಏನಾಯಿತು ಎಂಬುದನ್ನು. ಕರಾವಳಿಯಲ್ಲಿ ಇಂದು ದೇವಸ್ಥಾನದ ಉತ್ಸವಕ್ಕೂ ಮದುವೆಯ ಮಂಟಪಕ್ಕೂ ಸ್ಯಾಕ್ಸೋಫೋನ್ ಬರುತ್ತದೆ. ಶಿಷ್ಯರು ಅನೇಕರಿದ್ದಾರೆ, ಲಾವಣ್ಯ ಮತ್ತು ಸುಬ್ಬಲಕ್ಷ್ಮಿ ಸೋದರಿಯರಂತೆ ಮಹಿಳೆಯರೂ ಈ ಭಾರದ ವಾದ್ಯವನ್ನು ಕಛೇರಿಯಲ್ಲಿ ನುಡಿಸುತ್ತಾರೆ. ಇದಕ್ಕೊಂದು ಇನ್ನೊಂದು ಮುಖವೂ ಇದೆ. ಸ್ಯಾಕ್ಸೋಫೋನ್ ಬಂದ ಕಡೆ ನಾಗಸ್ವರ ಹಿಂದೆ ಸರಿದಿದೆ. ಗೋಪಾಲನಾಥರನ್ನು ಕೈಹಿಡಿದು ನಡೆಸಿದ್ದೇ ನಾಗಸ್ವರದ ಮನೆ ಎಂಬುದನ್ನು ನೆನೆದರೆ ಇದು ಸಣ್ಣ ನಷ್ಟವಲ್ಲ.

ರಾಯಚೂರು ಸೀಮೆಯ ಪರಿಸ್ಥಿತಿ ಇನ್ನೂ ಇಕ್ಕಟ್ಟಿನದು. ಇಲ್ಲಿ ಸನಾದಿಯ ಎದುರು ಬಂದು ನಿಂತಿರುವುದು ಇನ್ನೊಂದು ಊದುವ ವಾದ್ಯವಲ್ಲ, ವಿದ್ಯುತ್ ಪೆಟ್ಟಿಗೆ. ಅದಕ್ಕೆ ಉಸಿರು ಬೇಡ, ಗುರು ಬೇಡ, ಅಭ್ಯಾಸವೂ ಬೇಡ. 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರಕ್ಕಾಗಿ ಉಸ್ತಾದ್ ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದಾಗ ಕನ್ನಡದ ಜನ ಮೈಮರೆತು ಕೇಳಿದರು. ಅದೇ ಜನ ತಮ್ಮ ಓಣಿಯ ಭಜಂತ್ರಿಯವನು ಊದುವಾಗ ಮಾತಿನಲ್ಲಿ ಮುಳುಗಿರುತ್ತಾರೆ.

ಪ್ರತಿ ಬ್ಯಾಂಡ್ ಹುಡುಗನೂ ಕದ್ರಿ ಗೋಪಾಲನಾಥ್ ಆಗುವುದಿಲ್ಲ. ಆದರೆ ಗೋಪಾಲನಾಥರಿಗೆ ದಕ್ಕಿದ್ದು ಮೂರು: ಊದುವುದನ್ನು ಕೀಳೆಂದು ಭಾವಿಸದ ಮನೆ, ಸಂಗೀತವನ್ನು ಮೊದಲಿನಿಂದ ಕಲಿಸಿದ ಗುರುಗಳು, ಹೊಸ ವಾದ್ಯ ಕಂಡು ನಕ್ಕರೂ ಕೊನೆಗೆ ಕುಳಿತು ಕೇಳಿದ ಜನ. ಮೊದಲನೆಯದು ಈ ಸೀಮೆಯ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಎರಡನೆಯದಕ್ಕೆ ಶಾಲೆ, ಸರ್ಕಾರ, ಅಕಾಡೆಮಿಗಳು ಮನಸ್ಸು ಮಾಡಬೇಕು. ಮೂರನೆಯದಕ್ಕೆ ಯಾರ ಅನುದಾನವೂ ಬೇಕಾಗಿಲ್ಲ. ಮುಂದಿನ ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ಊಟದ ಪಂಕ್ತಿಗೆ ಓಡುವ ಮೊದಲು ಐದು ನಿಮಿಷ ನಿಂತು ಕೇಳಿದರೆ, ಊದಿದವನ ಹೆಸರನ್ನೂ ಅವನ ಗುರುವಿನ ಹೆಸರನ್ನೂ ವಿಚಾರಿಸಿದರೆ, ಕೆಲಸ ಶುರುವಾದಂತೆಯೇ.