ದೂರದ ಶಾಲೆ, ಮೇಷ್ಟರ ಸಂಬಳ

ಹಿಂದೆ ನಮ್ಮ ಹಳ್ಳಿಗಳಲ್ಲಿ ಕೂಲಿಮಠಗಳಿದ್ದವು. ಅಲ್ಲಿ ಅಕ್ಷರ ಕಲಿಸುತ್ತಿದ್ದ ಐಗಳಿಗೆ ತಿಂಗಳ ಸಂಬಳವೆಂಬುದಿರಲಿಲ್ಲ. ಸುಗ್ಗಿಯಲ್ಲಿ ಮನೆಮನೆಯಿಂದ ಅಳೆದುಕೊಡುವ ರಾಗಿ ಭತ್ತ, ಹಬ್ಬಹುಣ್ಣಿಮೆಗೆ ಬರುವ ಎಣ್ಣೆ ಬೆಲ್ಲ, ಮಕ್ಕಳು ತರುವ ಪುಡಿಗಾಸು, ಇವೇ ಅವರ ವರಮಾನ. ಅದು ಬಡತನದ ಬಾಳು. ಅದನ್ನು ಪುರಾತನ ಆದರ್ಶವೆಂದು ಹೊಗಳುವವರ ಸಾಲಿಗೆ ನಾನು ಸೇರುವವನಲ್ಲ. ಊರಿನ ಎಷ್ಟೋ ಮಕ್ಕಳಿಗೆ ಜಾತಿಯ ಕಾರಣದಿಂದ ಆ ಮಠದ ಜಗಲಿಯೂ ದೊರೆಯುತ್ತಿರಲಿಲ್ಲ. ಆದರೆ ಒಂದು ಮಾತು ನಿಜ. ಐಗಳು ಊರಿನಲ್ಲಿಯೇ ಇರುತ್ತಿದ್ದರು. ಊರು ಕೊಟ್ಟ ಕಾಳು ಊರಿನ ಒಲೆಯ ಮೇಲೆಯೇ ಬೇಯುತ್ತಿತ್ತು.

1868ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ರೂಪುಗೊಂಡಿತು. ಅದರ ಹಿಂದೆ ಇದ್ದವರು ಬಿ. ಎಲ್. ರೈಸ್, 'ಎಪಿಗ್ರಾಫಿಯ ಕರ್ನಾಟಿಕ'ದ ರೈಸರೇ. ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಶಾಸನದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವೆಂಬುದು ಪ್ರಸಿದ್ಧ. ಹಳ್ಳಿಯ ಶಾಲೆಗೆ ಕನ್ನಡ ವಿದ್ವತ್ತು ಎಷ್ಟು ಋಣಿಯಾಗಿದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ, ಅದಿರಲಿ. ಹೀಗೆ ಸರ್ಕಾರಿ ಶಾಲೆಗಳು ಹಬ್ಬಿದಂತೆಲ್ಲ ಮೇಷ್ಟರ ಸಂಬಳ ಊರಿನ ಕಣವನ್ನು ಬಿಟ್ಟು ಖಜಾನೆಯನ್ನು ಸೇರಿತು. ಇದರಿಂದ ಒಳಿತೇ ಆಯಿತು. ಗೌಡರ ಮರ್ಜಿ ಕಾಯುವ ಕಷ್ಟ ತಪ್ಪಿತು. ಬೆಂಗಳೂರಿನ ಶಿಕ್ಷಕಿಗೂ ಕಾಡಂಚಿನ ಶಿಕ್ಷಕಿಗೂ ಈಗ ಒಂದೇ ವೇತನ ಶ್ರೇಣಿ. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಸಮಾನತೆ ಮೂಲವೇತನದ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ. ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸಿನ ಮೇರೆಗೆ 2024ರ ಆಗಸ್ಟ್ 1ರಿಂದ ಹೊಸ ವೇತನ ಜಾರಿಗೆ ಬಂದಿತು. ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆಯನ್ನು ಅನುಸರಿಸಿ ಶೇಕಡ 20, 15 ಹಾಗೂ 7.5 ಎಂದು ನಿಗದಿಯಾಯಿತು. ಐವತ್ತು ಸಾವಿರ ಮೂಲವೇತನದ ಇಬ್ಬರು ಶಿಕ್ಷಕಿಯರನ್ನು ತೆಗೆದುಕೊಳ್ಳೋಣ. ಬೆಂಗಳೂರಿನಾಕೆಗೆ ಬಾಡಿಗೆ ಭತ್ಯೆ 10,000 ರೂಪಾಯಿ, ಹಳ್ಳಿಯಾಕೆಗೆ 3,750. ರಾಜಧಾನಿಯಲ್ಲಿ ಬಾಡಿಗೆ ಹೆಚ್ಚು ತಾನೆ ಎಂದು ನೀವು ಕೇಳಬಹುದು. ಹೌದು, ಹೆಚ್ಚು. ಹಳ್ಳಿಯಲ್ಲಿ ಬಾಡಿಗೆ ಕಡಿಮೆಯೆನ್ನುವುದಕ್ಕಿಂತ ಬಾಡಿಗೆಗೆ ಮನೆಯೇ ಇಲ್ಲವೆನ್ನುವುದು ಸರಿ. ಇದ್ದರೂ ಕೇಳುವವರ ಕುಲವನ್ನು ವಿಚಾರಿಸಿಯೇ ಕೀಲಿಕೈ ಕೊಡುವ ಊರುಗಳು ಇನ್ನೂ ಇವೆ. ದಲಿತ ಶಿಕ್ಷಕರೊಬ್ಬರು ತಾವು ಪಾಠ ಹೇಳುವ ಊರಿನಲ್ಲಿ ಸೂರು ದೊರೆಯದೆ ತಾಲ್ಲೂಕು ಕೇಂದ್ರಕ್ಕೆ ಹಿಂದಿರುಗುವುದನ್ನು ಯಾವ ಭತ್ಯೆಯ ಪಟ್ಟಿಯೂ ಕಾಣುವುದಿಲ್ಲ. ಹೀಗೆ ಪೇಟೆಯಲ್ಲಿ ಮನೆ ಮಾಡಿ, ಬಸ್ಸಿಗೋ ಬೈಕಿನ ಪೆಟ್ರೋಲಿಗೋ ಮತ್ತೆ ಹಣ ತೆತ್ತು ಶಾಲೆ ಸೇರುವವರಿಗೆ ಆ ಏಳೂವರೆ ಎಲ್ಲಿಗೆ ಸಾಕು?

ಶರಾವತಿಯ ಹಿನ್ನೀರಿನ ಕಡೆಗೆ ಒಮ್ಮೆ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತುಮರಿಯ ಸೀಮೆ ಸಾಗರ ಪೇಟೆಯಿಂದ ನೀರಿನಾಚೆಗೆ ಉಳಿಯಿತು. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೂ ಅಲ್ಲಿಯ ಬದುಕನ್ನು ಆಳಿದ್ದು ಲಾಂಚಿನ ವೇಳಾಪಟ್ಟಿ. ಸಂಜೆಯ ಕೊನೆಯ ಲಾಂಚು ತಪ್ಪಿತೆಂದರೆ ರಾತ್ರಿ ಆಚೆ ದಡದಲ್ಲಿಯೇ. ಬೇಸಗೆಯಲ್ಲಿ ನೀರಿಳಿದರೆ ಅದರ ತಾಪತ್ರಯವೇ ಬೇರೆ. ಆದರೆ ಸಾಗರ ಪಟ್ಟಣಕ್ಕೂ ತುಮರಿಗೂ ಬಾಡಿಗೆ ಭತ್ಯೆಯ ವರ್ಗ ಒಂದೇ, ಏಕೆಂದರೆ ಎರಡರಲ್ಲಿಯೂ ಐದು ಲಕ್ಷ ಜನರಿಲ್ಲ! ಲೆಕ್ಕಕ್ಕೆ ಸಿಕ್ಕಿದ್ದು ತಲೆಗಳು. ನಡುವಿನ ನೀರು ಸಿಗಲಿಲ್ಲ.

ದೂರವೆಂದರೇನೆಂದು ಸರ್ಕಾರಕ್ಕೆ ತಿಳಿಯದೆಂದಲ್ಲ. 2007ರ ಶಿಕ್ಷಕರ ವರ್ಗಾವಣೆ ಕಾಯಿದೆಯ ಕಾಲದಿಂದಲೂ ಎ, ಬಿ, ಸಿ ವಲಯಗಳ ವಿಂಗಡಣೆಯಿದೆ. 'ಸಿ' ವಲಯದಲ್ಲಿ ದುಡಿದ ವರ್ಷಗಳಿಗೆ ವರ್ಗಾವಣೆಯಲ್ಲಿ ಬೆಲೆಯಿದೆ. ಇದರ ಅರ್ಥವೇನು? ದೂರದ ಶಾಲೆಯಲ್ಲಿ ದುಡಿದುದಕ್ಕೆ ಬಹುಮಾನವೆಂದರೆ ಆ ಶಾಲೆಯನ್ನು ಬಿಟ್ಟುಹೋಗುವ ಅವಕಾಶ. ಶಿಕ್ಷಕರನ್ನು ದೂರಲಾರೆ, ಅವರಿಗೂ ಮಕ್ಕಳಿದ್ದಾರೆ, ವಯಸ್ಸಾದ ತಂದೆತಾಯಿಯರಿದ್ದಾರೆ. ಹಳ್ಳಿಯ ಮಗುವಿಗೆ ಮಾತ್ರ ಕನ್ನಡದ ಒತ್ತಕ್ಷರ ಕೈಹತ್ತುವ ಹೊತ್ತಿಗೆ ಮೇಷ್ಟರು ಬದಲಾಗಿರುತ್ತಾರೆ. ಅವರ ಜಾಗಕ್ಕೆ ಹಲವು ವೇಳೆ ಬರುವವರು ಅತಿಥಿ ಶಿಕ್ಷಕರು. ಅತಿಥಿಗೆ ಮೊದಲ ಎಲೆ ಹಾಕುವುದು ನಮ್ಮ ಸಂಪ್ರದಾಯ. ಇಲ್ಲಿ ಹಾಗಲ್ಲ. 2025ರ ಆಯವ್ಯಯದಲ್ಲಿ ಎರಡು ಸಾವಿರ ಹೆಚ್ಚಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000 ರೂಪಾಯಿ ಗೌರವಧನ. ಹೊಸ ವೇತನದಲ್ಲಿ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವೇ 27,000. 'ಗೌರವ' ಎಂಬ ಮಾತನ್ನು ಇಷ್ಟು ಅಗ್ಗವಾಗಿ ಬಳಸಬಾರದು.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಷ್ಟು ಚಿಕ್ಕ ಶಾಲೆಯಾದರೂ ಇಬ್ಬರು ಶಿಕ್ಷಕರಿರಬೇಕು. ಏಕೋಪಾಧ್ಯಾಯ ಶಾಲೆಗಳು ಇನ್ನೂ ಉಳಿದಿವೆ. ಅಲ್ಲಿಯ ಮೇಷ್ಟರು ಸಭೆಗೆಂದು ತಾಲ್ಲೂಕಿಗೆ ಹೋದರೆ ಅಂದು ಶಾಲೆಯೂ ಅವರ ಹಿಂದೆಯೇ ಹೋದಂತೆ.

ಹಾದಿ ಕಾಣದೆ ಕುಳಿತವರೂ ನಾವಲ್ಲ. ಕೊಠಾರಿ ಆಯೋಗ 1966ರ ತನ್ನ ವರದಿಯಲ್ಲಿಯೇ ಹಳ್ಳಿಯ ಶಿಕ್ಷಕರಿಗೆ ವಸತಿ, ಶಿಕ್ಷಕಿಯರಿಗೆ ವಿಶೇಷ ಭತ್ಯೆ ಬೇಕೆಂದಿತ್ತು. ಕೇಂದ್ರ ಸರ್ಕಾರ ತನ್ನ ನೌಕರರಿಗೆ 2017ರಿಂದ ದುರ್ಗಮ ಸ್ಥಳಗಳಿಗೆಂದೇ ಮೂರು ದರ್ಜೆಯ ಭತ್ಯೆ ಕೊಡುತ್ತ ಬಂದಿದೆ. ಆಫ್ರಿಕದ ಗ್ಯಾಂಬಿಯ ಎಂಬ ಪುಟ್ಟ ಬಡ ದೇಶ 2006ರಲ್ಲಿ ಹೆದ್ದಾರಿಯಿಂದ ಶಾಲೆಗಿರುವ ದೂರವನ್ನು ನೋಡಿ ಮೂಲವೇತನದ ಶೇಕಡ 30ರಿಂದ 40ರವರೆಗೆ ಹೆಚ್ಚುವರಿ ಕೊಟ್ಟಿತು. ದೂರದ ಶಾಲೆಗೆ ತಾವಾಗಿಯೇ ವರ್ಗ ಕೇಳುವ ಶಿಕ್ಷಕರು ಅಲ್ಲಿ ಕಾಣಿಸಿಕೊಂಡರು.

ಆದರೂ ಬರಿಯ ಹಣದಲ್ಲಿ ನನಗೆ ಪೂರ್ಣ ನಂಬಿಕೆಯಿಲ್ಲ. ಮನೆಯಿಲ್ಲದ ಕಡೆ ಕೊಟ್ಟ ಭತ್ಯೆ ಪೆಟ್ರೋಲಿನ ಪಾಲಾಗುತ್ತದೆ. ಊರ ಹೊರಗಿನ ಬಯಲಿನಲ್ಲಿ ಒಂಟಿಯಾಗಿ ಕಟ್ಟಿ, ನೀರು ಕೊಡಲು ಮರೆತು, ಬಾಗಿಲು ಮುರಿದು ಬಿದ್ದ ವಸತಿಗೃಹಗಳನ್ನೂ ಸಾಕಷ್ಟು ಕಂಡಿದ್ದೇನೆ. ಭತ್ಯೆ ಬರಲಿ, ಅದರ ಜೊತೆಗೆ ಪಂಚಾಯಿತಿ ಇರುವ ಊರಿನ ನಡುವೆ ನಲ್ಲಿ, ದೀಪ, ಕಾಂಪೌಂಡು ಇರುವ ಐದಾರು ಮನೆಗಳ ಒಂದು ಸಾಲು ಬರಲಿ. ಸುತ್ತಲಿನ ಶಾಲೆಗಳ ಶಿಕ್ಷಕಿಯರು, ಆಸ್ಪತ್ರೆಯ ದಾದಿ ಅಲ್ಲಿಯೇ ನೆಲೆಸಲಿ. ಸಂಜೆ ಏಳು ಗಂಟೆಗೆ ಭಾಗಾಕಾರ ತಪ್ಪಿದ ಹುಡುಗಿಗೆ, ಪುಸ್ತಕ ಹಿಡಿದು ಹೋಗಿ ತಟ್ಟಲು ಊರಿನಲ್ಲಿ ಆಗ ಒಂದು ಬಾಗಿಲಿರುತ್ತದೆ.